ಕೇಳದೆ ಕೊಟ್ಟ ದನಿ

ನಮ್ಮ ದೊಡ್ಡಮ್ಮನ ಕೆಲಸ ಮಕ್ಕಳ ಬಾಯಿ ತೆರೆಸುವುದು. ಹಲ್ಲಿನ ಆಸ್ಪತ್ರೆಯ ಸಂಬಳದ ಪಟ್ಟಿಯಲ್ಲಿ ಅವಳ ಹುದ್ದೆ ‘ಸಹಾಯಕಿ’ ಎಂದಿದೆ. ಹತ್ತಿಯುಂಡೆ ಕೊಡುವವಳು, ಬಾಯಿ ತೊಳೆಯುವ ಲೋಟ ತುಂಬಿಸುವವಳು ಎಂದು ಅದರ ಅರ್ಥ. ಆದರೆ ಐದು ವರ್ಷದ ಮಗು ತುಟಿ ಬಿಗಿದುಕೊಂಡು ಕುರ್ಚಿಯಲ್ಲಿ ಕೂತುಬಿಟ್ಟರೆ ನಮ್ಮ ಡಾಕ್ಟ್ರಮ್ಮನ ಡ್ರಿಲ್ಲು, ಪದವಿ, ಗೋಡೆಗೆ ನೇತುಹಾಕಿದ ಪ್ರಮಾಣಪತ್ರ ಯಾವುದೂ ಕೆಲಸಕ್ಕೆ ಬಾರದು. ಆಗ ಬೇಕಾಗುವುದು ದೊಡ್ಡಮ್ಮನೇ.

ನಾನು ಅದೇ ಆಸ್ಪತ್ರೆಯ ಮುಂದಿನ ಹಾಲಿನಲ್ಲಿ ಗಾಜಿನ ಹಿಂದೆ ಕೂತು ಚೀಟಿ ಕೊಡುವವಳು. ಈ ಕೆಲಸ ನನಗೆ ಸಿಕ್ಕಿದ್ದು ದೊಡ್ಡಮ್ಮನ ಶಿಫಾರಸಿನಿಂದ. ಹಾಗಾಗಿ ನಾನು ಅವಳ ಪಕ್ಷ. ಎರಡೂ ಕಡೆಯ ನ್ಯಾಯ ತೂಗಿ ನೋಡಬೇಕೆನ್ನುವವರು ತಕ್ಕಡಿ ತಂದುಕೊಂಡು ತಾವೇ ತೂಗಿಕೊಳ್ಳಲಿ.

ದೊಡ್ಡಮ್ಮ ಕುರ್ಚಿಯ ತಲೆದೆಸೆಯಲ್ಲಿ ದುಂಡನೆಯ ಸ್ಟೂಲು ಹಾಕಿಕೊಂಡು ಕೂರುತ್ತಾಳೆ. ಒಂದು ಅಂಗೈ ಮಗುವಿನ ಗಲ್ಲದ ಕೆಳಗೆ. “ಈಗೊಂದು ನೊಣ ಬರುತ್ತೆ. ಗುಂಯ್ ಅನ್ನುತ್ತೆ, ಅಷ್ಟೇ. ನಾನು ಹತ್ತು ಎಣಿಸೋಷ್ಟರಲ್ಲಿ ಹಾರಿ ಹೋಗುತ್ತೆ, ನೋಡ್ತಿರು,” ಎನ್ನುತ್ತಾಳೆ. ಆಮೇಲೆ ಎಣಿಸುತ್ತಾಳೆ. ಆ ದನಿಯಲ್ಲಿ ಸಕ್ಕರೆಯೂ ಇಲ್ಲ, ಗದರಿಕೆಯೂ ಇಲ್ಲ. ಏನೂ ಆಗಿಲ್ಲ, ಏನೂ ಆಗುವುದಿಲ್ಲ ಎನ್ನುವಂಥ ದನಿ. ಅವಳ ಏಳಕ್ಕೂ ಎಂಟಕ್ಕೂ ನಡುವೆ ಡಾಕ್ಟ್ರಮ್ಮ ಒಂದು ಇಡೀ ಹುಳುಕು ಕೊರೆದು, ತುಂಬಿ, ಒರೆಸಿ ಮುಗಿಸುತ್ತಿದ್ದರು. ಮೋಸ ಎಂದು ಯಾವ ಮಗುವೂ ದೂರಿದ್ದಿಲ್ಲ.

ಅವಳಿಗೆ ಸ್ವಂತ ಮಕ್ಕಳಿಲ್ಲ. ಅದಕ್ಕೇ ಊರ ಮಕ್ಕಳ ಮೇಲೆ ಅಷ್ಟು ಅಕ್ಕರೆ ಎಂದು ನೆಂಟರು ಹೇಳುವುದುಂಟು. ನೆಂಟರಿಗೆ ಅಷ್ಟೇ ಗೊತ್ತು. ಅವಳಿಗೆ ಆ ಕೆಲಸ ಚೆನ್ನಾಗಿ ಬರುತ್ತಿತ್ತು, ಚೆನ್ನಾಗಿ ಬರುತ್ತದೆ ಎನ್ನುವುದು ಅವಳಿಗೆ ಗೊತ್ತಿತ್ತು, ಅದರಿಂದ ಅವಳು ಸುಖವಾಗಿದ್ದಳು. ಇಷ್ಟು ಸರಳವಾದದ್ದನ್ನು ನೆಂಟರಿಗೆ ತಿಳಿಸಿ ಹೇಳುವುದು ಯಾರಿಂದಲೂ ಆಗದ ಮಾತು.

ಇನ್ನು ದೊಡ್ಡಪ್ಪ. ಅವರು ನೀರಿನ ಇಲಾಖೆಯ ಬಿಲ್ಲಿನ ಕೌಂಟರಿನಲ್ಲಿದ್ದವರು. ಸರದಿ ಸಾಲಿನಲ್ಲಿ ಚಪ್ಪಲಿ ಇಟ್ಟು ಟೀ ಕುಡಿಯಲು ಹೋಗುವವರು, ಕಲ್ಲಿಟ್ಟು ಸಂತೆಗೆ ಹೋಗುವವರು, ಬಂದು ನೋಡಿದರೆ ಸಾಲು ಮುಂದೆ ಹೋಗಿ ಚಪ್ಪಲಿ ಮಾತ್ರ ಹಿಂದೆ ಉಳಿದಿದೆ ಎಂದು ಕೊರಳಪಟ್ಟಿ ಹಿಡಿಯುವವರು, ಎಲ್ಲರನ್ನೂ ಕಂಡು ಬೇಸತ್ತು ತಾವೇ ಕಂಪ್ಯೂಟರು ಕಲಿತು ಒಂದು ತಂತ್ರಾಂಶ ಬರೆದರು. ಬಂದವರಿಗೆ ಸಂಖ್ಯೆ ಕೊಡುವುದು, ಸರದಿ ಬಂದಾಗ ಕೂಗಿ ಕರೆಯುವುದು, ಅಷ್ಟೇ ಅದರ ಕೆಲಸ. ಹೆಸರೂ ‘ಸರದಿ’. ಬರೆದದ್ದನ್ನು ಮಾರಲಿಲ್ಲ, ಜಗತ್ತಿಗೆ ಬಿಟ್ಟುಕೊಟ್ಟರು. ನೆಂಟರು ‘ಬಿಟ್ಟಿ’ ಎಂದು ಅವರಿಗೇ ಹೆಸರಿಟ್ಟರು. ಯಾರಾದರೂ ಹಾಗೆ ಕರೆದರೆ ದೊಡ್ಡಪ್ಪ ಬೆರಳೆತ್ತಿ, “ಬಿಟ್ಟಿ ಅಲ್ಲ, ಮುಕ್ತ,” ಎಂದು ಶುರು ಮಾಡುತ್ತಿದ್ದರು. ಶುರು ಮಾಡಿದರೆ ಮುಗಿಯಿತು. ಮದುವೆ ಮನೆಯಾಗಲಿ, ಸಾವಿನ ಮನೆಯಾಗಲಿ, ಪರವಾನಗಿಯ ಷರತ್ತುಗಳನ್ನು ಪೂರ್ತಿ ಒಪ್ಪಿಸದೆ ಬಿಡುತ್ತಿರಲಿಲ್ಲ.

ಕೇಳಿ ಕೇಳಿ ನನಗೂ ಬಾಯಿಪಾಠ. ಸರದಿಯನ್ನು ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ಬೇಕಾದಂತೆ ಬದಲಾಯಿಸಬಹುದು, ಬದಲಾಯಿಸಿದ್ದನ್ನು ಇತರರಿಗೆ ಹಂಚಬಹುದು. ಹಂಚುವವರು ಏನು ಬದಲಾಯಿಸಿದ್ದೇವೆ ಎಂದು ಬರೆದು ತಿಳಿಸಬೇಕು, ಮೂಲದವರ ಹೆಸರು ಅಳಿಸಬಾರದು, ತಮಗೆ ಸಿಕ್ಕ ಸ್ವಾತಂತ್ರ್ಯವನ್ನೇ ಪಡೆದವರಿಗೂ ಕೊಡಬೇಕು. ಏನಾದರೂ ಕೆಟ್ಟರೆ ನಮ್ಮನ್ನು ಕೇಳಬೇಡಿ. ಈ ಕೊನೆಯ ಸಾಲನ್ನು ದೊಡ್ಡಪ್ಪ ಮೆಲ್ಲಗೆ ಹೇಳುತ್ತಿದ್ದರು.

ಕೂಗಿ ಕರೆಯಲು ಒಂದು ದನಿ ಬೇಕಾಯಿತು. ಒಂದು ಭಾನುವಾರ ಬೆಳಿಗ್ಗೆ ದೊಡ್ಡಪ್ಪ ಹೆಂಡತಿಯನ್ನು ಕರೆದು ಬಟ್ಟೆ ಬೀರುವಿನೊಳಗೆ ನಿಲ್ಲಿಸಿದರು. ಕೋಟು, ಕಂಬಳಿಗಳ ನಡುವೆ ಮಾತಾಡಿದರೆ ಗೋಡೆಯಿಂದ ಸದ್ದು ಮರಳುವುದಿಲ್ಲವಂತೆ. ಹೆಗಲ ಮೇಲೆ ಪಾತ್ರೆ ಒರೆಸುವ ಬಟ್ಟೆ, ಮೂಗಿನ ಮುಂದೆ ಮೈಕು.

“ಒಂದರಿಂದ ನೂರರ ತನಕ ಹೇಳು.”

“ಯಾಕೆ?”

“ಹೇಳು ಅಂದ್ನಲ್ಲ.”

ಮೈಕು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡು ದೊಡ್ಡಮ್ಮ ನೂರರವರೆಗೆ ಹೇಳಿದಳು. ‘ಸಂಖ್ಯೆ’, ‘ಕೋಣೆ’, ‘ಬನ್ನಿ’, ‘ದಯವಿಟ್ಟು ಕಾಯಿರಿ’ ಎನ್ನುವುದನ್ನೂ ಹೇಳಿಸಿಕೊಂಡರು. ಅವಳು ಹೋಗಿ ಉಳಿದ ಪಾತ್ರೆ ಒರೆಸಿದಳು. ದೊಡ್ಡಪ್ಪ ಆ ದನಿಯನ್ನು ಸರದಿಯೊಳಗೆ ಸೇರಿಸಿ, ಅದೇ ಪರವಾನಗಿಯ ಕೆಳಗೆ, ತಮ್ಮ ಹೆಸರಿನಲ್ಲಿ ಜಗತ್ತಿಗೆ ಬಿಟ್ಟರು.

ಮೊದಮೊದಲು ಚೆನ್ನಾಗಿಯೇ ಇತ್ತು. ದೊಡ್ಡಮ್ಮ ಬ್ಯಾಂಕಿಗೆ ಹೋದರೆ ಅವಳನ್ನೇ ಅವಳ ದನಿ ಕರೆಯುತ್ತಿತ್ತು. ಅಂಚೆ ಕಚೇರಿಯಲ್ಲಿ ಕಾಯಿಸಿದ್ದೂ ಅದೇ ದನಿ. “ನನ್ನನ್ನ ನಾನೇ ಕೂರಿಸಿ ಕಾಯಿಸಿದೆ ಕಣೇ,” ಎಂದು ಮನೆಗೆ ಬಂದು ನಕ್ಕಳು. ಬ್ಯಾಂಕಿನ ಕಾವಲುಗಾರ ಅವಳ ಮಾತು ಕೇಳಿ ತಲೆಯ ಮೇಲಿದ್ದ ಸ್ಪೀಕರನ್ನೂ ಅವಳ ಮುಖವನ್ನೂ ಎರಡೆರಡು ಸಲ ನೋಡಿ ಬಾಗಿಲು ತೆಗೆದನಂತೆ. ಸರದಿ ಊರೂರಿಗೆ ಹಬ್ಬಿತು. ಯಾರೋ ಅವಳ ದನಿಯನ್ನು ಚುರುಕು ಮಾಡಿದರು, ಯಾರೋ ಚೂರು ಚೂರು ಮಾಡಿ ಜೋಡಿಸಿ ಅವಳು ಹೇಳದ ಮಾತುಗಳನ್ನೂ ಹೇಳಿಸಿದರು. ‘ಗಲಾಟೆ ಮಾಡಬೇಡಿ’ ಎನ್ನುವುದನ್ನು ಅವಳು ಜನ್ಮದಲ್ಲಿ ಮಕ್ಕಳಿಗೆ ಹೇಳಿದವಳಲ್ಲ. ಲಸಿಕೆ ಕೇಂದ್ರದಲ್ಲಿ ಅದನ್ನೂ ಹೇಳತೊಡಗಿದಳು.

ಆಮೇಲೆ ಸರದಿ ನಮ್ಮ ಆಸ್ಪತ್ರೆಗೂ ಬಂತು. ನಾನು ಗುಂಡಿ ಒತ್ತಿದರೆ ಹಾಲಿನ ಮೂಲೆಯ ಪೆಟ್ಟಿಗೆಯಿಂದ ದೊಡ್ಡಮ್ಮ “ಸಂಖ್ಯೆ ಏಳು, ಕೋಣೆ ಒಂದು, ಬನ್ನಿ” ಎನ್ನುತ್ತಿದ್ದಳು. ಮಗು ಎದ್ದು ಹೋಗುತ್ತಿತ್ತು, ಬಾಗಿಲು ಮುಚ್ಚುತ್ತಿತ್ತು, ಒಳಗಿಂದ ಡ್ರಿಲ್ಲಿನ ಸದ್ದು ಬರುತ್ತಿತ್ತು. ಕಾದು ಕೂತ ಮಕ್ಕಳು ಅದನ್ನು ಕೇಳಿಸಿಕೊಂಡೇ ಕೂತಿರುತ್ತಿದ್ದರು. ಯಾರ ದನಿ ಕರೆದರೆ ಏನಾಗುತ್ತದೆ ಎನ್ನುವುದನ್ನು ಮಕ್ಕಳಿಗೆ ಎರಡು ಸಲ ಕಲಿಸಬೇಕಾಗಿಲ್ಲ.

ಹೀಗೆ ಕಾದು ಬಂದ ಒಂದು ಹುಡುಗಿ ಕುರ್ಚಿ ಹತ್ತಿತು, ದೊಡ್ಡಮ್ಮನ ಕೈಗೆ ಗಲ್ಲವನ್ನೂ ಕೊಟ್ಟಿತು. ಇವಳು “ಈಗೊಂದು ನೊಣ” ಎಂದಳೋ ಇಲ್ಲವೋ, ಹುಡುಗಿ ಕಿಟಾರನೆ ಕಿರುಚಿ ಡಾಕ್ಟ್ರಮ್ಮನ ಬೆರಳು ಕಚ್ಚಿತು. ಮುಂದಿನವನು ಕುರ್ಚಿಯ ಕೆಳಗೆ ಹೊಕ್ಕು ಕೂತ. ಆಮೇಲೆ ಬಂದವರೂ ಅಷ್ಟೇ. ದೊಡ್ಡಮ್ಮ ಬಾಯಿ ತೆರೆದರೆ ಮಕ್ಕಳ ಬಾಯಿ ಮುಚ್ಚುತ್ತಿತ್ತು.

ದೊಡ್ಡಪ್ಪ ಕೆಟ್ಟವರಲ್ಲ. ವಿಷಯ ತಿಳಿದ ಕೂಡಲೇ ಹುರುಪಿನಿಂದ ಬಂದರು. “ಇದಕ್ಕೇ ನೋಡು ಸ್ವಾತಂತ್ರ್ಯ ಅನ್ನೋದು! ನಮಗೆ ಬೇಕಾದ ಹಾಗೆ ಬದಲಾಯಿಸ್ಕೋಬಹುದು!” ಎನ್ನುತ್ತಾ ನಮ್ಮ ಪೆಟ್ಟಿಗೆಯಲ್ಲಿ ದನಿಯ ಬದಲು ಗಂಟೆಯ ಸದ್ದು ಹಾಕಿ, ಏನು ಬದಲಾಯಿಸಿದೆ ಎಂದು ಬರೆದಿಟ್ಟು, ಕೈ ಒರೆಸಿಕೊಂಡು ಹೋದರು. ಏನೂ ಪ್ರಯೋಜನವಾಗಲಿಲ್ಲ. ಮಕ್ಕಳು ಹಲ್ಲು ತೋರಿಸಲು ಬರುವ ಮೊದಲೇ ಲಸಿಕೆ ಕೇಂದ್ರಕ್ಕೆ ಹೋಗಿ ಬಂದಿರುತ್ತಾರೆ, ರಕ್ತ ತೆಗೆಯುವ ಲ್ಯಾಬಿಗೆ ಹೋಗಿ ಬಂದಿರುತ್ತಾರೆ. ಎಲ್ಲ ಕಡೆಯೂ ಸೂಜಿಗೆ ಮುಂಚೆ ಕೇಳಿಸುವುದು ದೊಡ್ಡಮ್ಮನ ದನಿಯೇ. ಇನ್ನೂ ಸರಿಯಾಗಿ ಮಾತು ಬಾರದ ಕೂಸುಗಳಿಗೂ ಅವಳ ಗುರುತಿತ್ತು.

ಅವಳು ಮಾತು ನಿಲ್ಲಿಸಿದಳು. ಕೈಸನ್ನೆಯಲ್ಲಿ ನೊಣ ಹಾರಿಸಿ ನೋಡಿದಳು, ಬೆರಳು ಮಡಚಿ ಎಣಿಸಿ ನೋಡಿದಳು. ಬಾಯಿ ತೆರೆದು ಚಾವಣಿ ನೋಡುತ್ತಾ ಮಲಗಿದ ಮಗುವಿಗೆ ತಲೆಯ ಹಿಂದಿನ ಬೆರಳು ಹೇಗೆ ಕಾಣಬೇಕು? ಬೆರಳಿಗೆ ಪಟ್ಟಿ ಸುತ್ತಿಕೊಂಡಿದ್ದ ಡಾಕ್ಟ್ರಮ್ಮ ಒಂದು ದಿನ ನನ್ನ ಗಾಜಿನ ಹತ್ತಿರ ಬಂದು, “ನಿಮ್ಮ ದೊಡ್ಡಮ್ಮನ್ನ ಹಿಂದಿನ ಕೋಣೆಗೆ ಹಾಕಿಬಿಡ್ತೀನಮ್ಮ. ಸಾಮಾನು ಕುದಿಸ್ಕೊಂಡು, ತೊಳ್ಕೊಂಡು ಇರ್ಲಿ. ಇಲ್ಲಿಗೆ ಬೇರೆ ಯಾರನ್ನಾದ್ರೂ ನೋಡೋಣ. ಇನ್ನೊಂದು ಸ್ವಲ್ಪ ದಿನ ಕಾಯ್ತೀನಿ,” ಎಂದರು. ಹಿಂದಿನ ಕೋಣೆಗೆ ಕಿಟಕಿಯೂ ಇಲ್ಲ, ಮಕ್ಕಳೂ ಇಲ್ಲ. ನನಗೆ ಡಾಕ್ಟ್ರಮ್ಮನ ಮೇಲೆ ಸಿಟ್ಟು ಬರಲಿಲ್ಲ. ಬರಬೇಕಾದವರ ಮೇಲೆ ಬಂತು.

ಆ ಭಾನುವಾರ ಊಟಕ್ಕೆ ಹೋಗಿದ್ದೆ. ದೊಡ್ಡಮ್ಮ ತಟ್ಟೆ ಇಡುತ್ತಲೇ ಕೇಳಿದಳು. “ನನ್ನ ದನಿ ವಾಪಸ್ ತಗೊಳ್ಳಿ.”

“ಹಾಗಾಗಲ್ಲ ಕಣೇ. ಈ ಪರವಾನಗಿ ಒಂದ್ಸಲ ಕೊಟ್ರೆ ಕೊಟ್ಟ ಹಾಗೆ. ಇವತ್ತು ಕೊಟ್ಟು ನಾಳೆ ಕಿತ್ಕೊಂಡ್ರೆ ಯಾರು ತಾನೇ ನಂಬ್ತಾರೆ? ಅದೇ ಅದರ ಸೊಗಸು.”

“ಮಕ್ಕಳು ನನ್ನ ನೋಡಿ ಹೆದರ್ತಾವೆ.”

“ನೋಡಿ ಅಲ್ಲ, ಕೇಳಿ,” ಎಂದು ದೊಡ್ಡಪ್ಪ ತಿದ್ದಿದರು.

ದೊಡ್ಡಮ್ಮ ಅವರ ತಟ್ಟೆಗೆ ಬಡಿಸುತ್ತಿದ್ದುದನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದಳು. ಅಂದಿನಿಂದ ಮನೆಯಲ್ಲೂ ತುಟಿ ಪಿಟಕ್ಕೆನ್ನಲಿಲ್ಲ. ದೊಡ್ಡಪ್ಪನಿಗೆ ಹೆಂಡತಿಯ ಮಾತು ಕೇಳಬೇಕೆಂದರೆ ಬ್ಯಾಂಕಿಗೆ ಹೋಗಬೇಕಾಯಿತು.

ಇಷ್ಟರಲ್ಲಿ ದೊಡ್ಡಪ್ಪನ ಜೀವನದ ದೊಡ್ಡ ಗಳಿಗೆ ಬಂತು. ಊರೂರಿಗೆ ಶಾಖೆಯಿದ್ದ ಒಂದು ದೊಡ್ಡ ಆಸ್ಪತ್ರೆ ಬಳಗ ಸರದಿಯನ್ನು ಎಲ್ಲ ಶಾಖೆಗಳಿಗೂ ಹಾಕಿಕೊಳ್ಳುವುದಾಗಿ ಹೇಳಿತು. ಹಾಕಿಕೊಳ್ಳುವ ಮುಂಚೆ ಅವರ ವಕೀಲೆ ತಂತ್ರಾಂಶದ ಪ್ರತಿ ತುಣುಕೂ ಯಾರದ್ದು, ಅವರು ಒಪ್ಪಿ ಕೊಟ್ಟಿದ್ದಾರೋ ಇಲ್ಲವೋ ನೋಡಬೇಕಿತ್ತು. ದೊಡ್ಡಪ್ಪ ಎದೆಯುಬ್ಬಿಸಿ ಕೂತರು. ಈ ವಿಷಯದಲ್ಲಿ ಅವರ ತಂಡದಷ್ಟು ಮಡಿವಂತರು ಇನ್ನೊಬ್ಬರಿಲ್ಲ. ಎಲ್ಲೆಲ್ಲೋ ಕೂತು ಸರದಿಗೆ ಕೆಲಸ ಮಾಡುವ ಆ ಜನ, ಅರ್ಧ ಸಾಲು ಬರೆದು ಕಳಿಸಿದವರಿಂದಲೂ ‘ಇದು ನನ್ನದೇ, ಮನಸಾರೆ ಕೊಡುತ್ತಿದ್ದೇನೆ’ ಎಂದು ಬರೆಸಿಕೊಂಡೇ ಒಳಗೆ ಸೇರಿಸುತ್ತಿದ್ದರು. ಹಾಗೆ ಬರೆದುಕೊಡಲು ಮರೆತ ಒಬ್ಬ ಕಾಲೇಜು ಹುಡುಗಿಯ ಒಳ್ಳೆಯ ತಿದ್ದುಪಡಿಯನ್ನು ದೊಡ್ಡಪ್ಪನೇ ಹಿಂದಿರುಗಿಸಿ, ಒಪ್ಪಿಗೆಯ ಮಹತ್ವದ ಬಗ್ಗೆ ಮೂರು ಪುಟ ಬುದ್ಧಿವಾದ ಕಳಿಸಿದ್ದರು.

ವಕೀಲೆ ಎಲ್ಲವನ್ನೂ ನೋಡಿ ಒಂದೇ ಒಂದು ಪ್ರಶ್ನೆ ಕೇಳಿದರು. “ಈ ದನಿ ಯಾರದು?”

“ನನ್ನ ಹೆಂಡತಿದು.”

“ಅವರ ಒಪ್ಪಿಗೆ ಪತ್ರ?”

“ನನ್ನ ಹೆಂಡತಿ ಅಂದ್ನಲ್ಲ ಮೇಡಂ.”

“ಹೆಂಡತಿ ಅನ್ನೋದು ಪರವಾನಗಿ ಅಲ್ಲ ಸಾರ್.”

ತಂಡದಲ್ಲಿ ಸಿಡಿಲು ಬಡಿದಂತಾಯಿತು. ಅಷ್ಟು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ ಜನ, ದಿನವೂ ಕಿವಿಗೆ ಬೀಳುತ್ತಿದ್ದ ದನಿಯನ್ನು ಕೇಳಿಸಿಕೊಂಡಿರಲೇ ಇಲ್ಲ. ಒಪ್ಪಿಗೆ ಇಲ್ಲದಿದ್ದರೆ ದೊಡ್ಡಪ್ಪ ಕೊಟ್ಟದ್ದು ತಮ್ಮದಲ್ಲದ್ದನ್ನು. ಹಾಗೆಂದರೆ ಆ ದನಿಯ ಮಟ್ಟಿಗೆ ಪರವಾನಗಿಯೇ ನಿಲ್ಲುವುದಿಲ್ಲ. ಮೂಲದಿಂದ ಅದನ್ನು ಕಿತ್ತು ಹಾಕಬೇಕು, ಬಳಸುವವರೆಲ್ಲರಿಗೂ ತೆಗೆಯಿರಿ ಎಂದು ತಿಳಿಸಬೇಕು. ಅಥವಾ ದೊಡ್ಡಮ್ಮ ಒಂದು ಸಹಿ ಹಾಕಬೇಕು.

ಹೀಗಾಗಿ ಸ್ವಾತಂತ್ರ್ಯದ ಕಟ್ಟಾಳುಗಳು ನಮ್ಮ ದೊಡ್ಡಮ್ಮನ ಮನೆಯ ಸೋಫಾದ ಅಂಚಿನಲ್ಲಿ ಸಾಲಾಗಿ ಕೂತದ್ದನ್ನು ನೋಡುವ ಭಾಗ್ಯ ನನಗೆ ಬಂತು. ಟೀ ಕೊಡುವ ನೆಪದಲ್ಲಿ ನಾನು ಅಲ್ಲೇ ನಿಂತೆ. ಒಂದು ಕಡೆ ವಕೀಲೆ. ನಡುವೆ ತಂಡದ ಹಿರಿಯ. ಅವರು ಬರೆದ ತತ್ವಗಳ ಬಗ್ಗೆ ದೊಡ್ಡಪ್ಪ ನಿದ್ದೆಯಲ್ಲೂ ಮಾತಾಡುತ್ತಿದ್ದ ಕಾರಣ ನಾವು ಅವರಿಗೆ ‘ಸಿದ್ಧಾಂತಿ’ ಎನ್ನುತ್ತಿದ್ದೆವು. ಪಕ್ಕದಲ್ಲಿ ದೊಡ್ಡಪ್ಪ, ಕುರ್ಚಿ ಹತ್ತಿಸಿದ ಮಗುವಿನಂತೆ ತುಟಿ ಬಿಗಿದುಕೊಂಡು. ಎದುರಿಗೆ ದೊಡ್ಡಮ್ಮ. ಅವಳ ಮುಂದೆ ಕಾಗದ, ಪೆನ್ನು.

ಬಹಳ ದಿನಗಳ ಮೇಲೆ ಅವಳ ಬಾಯಿಂದ ಮಾತು ಬಂತು. “ಸಹಿ ಹಾಕಿದ್ಮೇಲೆ ಬೇಡ ಅನ್ನಿಸಿದ್ರೆ?”

“ಹಿಂದೆ ತಗೊಳ್ಳೋಕೆ ಬರಲ್ಲಮ್ಮ,” ಎಂದರು ವಕೀಲೆ.

“ಹಾಗಾದ್ರೆ ಈಗ್ಲೇ ಹೇಳ್ತೀನಿ. ಬ್ಯಾಂಕಲ್ಲಿ ಹಾಕ್ಕೊಳ್ಳಿ, ಅಂಚೆ ಕಚೇರೀಲಿ ಹಾಕ್ಕೊಳ್ಳಿ. ಮಕ್ಕಳಿಗೆ ಚುಚ್ಚೋ ಕಡೆ, ಕೊರೆಯೋ ಕಡೆ ಮಾತ್ರ ಬೇಡ. ಅಷ್ಟು ಬರೀರಿ, ಸಹಿ ಹಾಕ್ತೀನಿ.”

ನನಗೆ ಇದು ಹೂವೆತ್ತಿದಷ್ಟು ಸುಲಭದ ಕೆಲಸವಾಗಿ ಕಂಡಿತು. ಆದರೆ ಸಿದ್ಧಾಂತಿಯ ಮುಖ ಹುಳಿ ಹಿಂಡಿದಂತಾಯಿತು. ಅವರು ಟೀ ಲೋಟ ಕೆಳಗಿಟ್ಟರು. “ತಾಯಿ, ಅದೊಂದು ಮಾತ್ರ ಆಗಲ್ಲ. ಇಂಥ ಕೆಲಸಕ್ಕೆ ಬಳಸಬಹುದು, ಇಂಥದಕ್ಕೆ ಬಳಸಬಾರದು ಅಂತ ಷರತ್ತು ಹಾಕಿದ್ರೆ ಅದು ಮುಕ್ತ ತಂತ್ರಾಂಶವೇ ಅಲ್ಲ. ಇವತ್ತು ನೀವು ಹಲ್ಲಿನ ಡಾಕ್ಟ್ರು ಬೇಡ ಅಂತೀರ, ನಾಳೆ ಇನ್ನೊಬ್ಬರು ಪೊಲೀಸ್ನೋರು ಬೇಡ ಅಂತಾರೆ, ನಾಡಿದ್ದು ಮತ್ತೊಬ್ಬರು ಪಕ್ಕದ್ಮನೆಯವ್ರು ಬೇಡ ಅಂತಾರೆ. ಆಮೇಲೆ ಯಾರು ಏನನ್ನ ಬಳಸಬಹುದು ಅಂತ ಹುಡುಕ್ತಾ ಕೂರೋದೇ ಕೆಲಸವಾಗುತ್ತೆ. ಕೊಟ್ಟರೆ ಎಲ್ಲರಿಗೂ, ಎಲ್ಲದಕ್ಕೂ ಕೊಡಬೇಕು. ಅದೇ ಸ್ವಾತಂತ್ರ್ಯ.”

ಅವರ ಮಾತಿನಲ್ಲಿ ಹುರುಳಿತ್ತು. ನನ್ನ ಸಿಟ್ಟಿಗೆ ಅದೇ ಕಾರಣ. ಹುರುಳಿಲ್ಲದ ಮಾತಾಗಿದ್ದರೆ ನಕ್ಕು ಬಿಟ್ಟುಬಿಡಬಹುದಿತ್ತು.

“ಎಲ್ಲರಿಗೂ ಅಂದ್ರೆ ನನಗೂ ಇದೆಯಾ?” ಎಂದಳು ದೊಡ್ಡಮ್ಮ.

“ಇದ್ದೇ ಇದೆ! ನೀವೂ ಬಳಸಬಹುದು, ಬದಲಾಯಿಸಬಹುದು, ಹಂಚಬಹುದು.”

“ಬೇಡ ಅನ್ನಬಹುದಾ?”

ಸಿದ್ಧಾಂತಿ ದೊಡ್ಡಪ್ಪನ ಮುಖ ನೋಡಿದರು. ದೊಡ್ಡಪ್ಪ ಲೋಟದ ತಳ ನೋಡಿದರು. ಉತ್ತರ ಕೊಟ್ಟದ್ದು ವಕೀಲೆ. “ಅನ್ನಬಹುದು. ಸಹಿ ಹಾಕೋ ತನಕ ಅನ್ನಬಹುದು.”

ದೊಡ್ಡಪ್ಪ ತಡೆಯಲಾರದೆ ಬಾಯಿಬಿಟ್ಟರು. “ಇಷ್ಟು ವರ್ಷದ ಕೆಲಸ ಕಣೇ. ನಿಂಗೆ ಗೊತ್ತಲ್ಲ, ನಾನು ಬೇರೆ ಏನೂ ಮಾಡಿಲ್ಲ. ಒಂದು ಸಹಿ. ಹಾಕ್ತೀಯಾ?”

ಅವರ ಕಣ್ಣು ತುಂಬಿತ್ತು. ಅವರ ಪಕ್ಷದವಳಲ್ಲದ ನನಗೂ ಅಯ್ಯೋ ಅನ್ನಿಸಿತು. ದೊಡ್ಡಮ್ಮ ಅವರ ಕಡೆ ತಿರುಗಿದಳು.

“ಈಗ ಕೇಳಿದ್ರಲ್ಲ, ಹೀಗೆ ಅವತ್ತೇ ಕೇಳಿದ್ದಿದ್ರೆ ಹಿಂದೆ ಮುಂದೆ ನೋಡದೆ ಹೂಂ ಅಂದ್ಬಿಡ್ತಿದ್ದೆ,” ಎಂದಳು. “ಈಗ ಬೇಡ.”

ಪೆನ್ನಿನ ಮುಚ್ಚಳ ಹಾಕಿ ವಕೀಲೆಯ ಕೈಗೆ ಕೊಟ್ಟಳು. ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಬಂದವರು ಎದ್ದರು. ಅಷ್ಟು ಸ್ವಾತಂತ್ರ್ಯ ಗೊತ್ತಿದ್ದವರಿಗೆ ಬಾಗಿಲಿನ ಚಿಲಕ ತೆಗೆಯುವುದು ಗೊತ್ತಾಗದೆ ನಾನೇ ತೆಗೆದೆ.

ಸರದಿ ನಿಲ್ಲಲಿಲ್ಲ. ದನಿ ಬದಲಾದರೆ ಸಾಕು ಎಂದಿತು ಆಸ್ಪತ್ರೆ ಬಳಗ. ದೊಡ್ಡಪ್ಪ ತಾವೇ ಬಟ್ಟೆ ಬೀರುವಿನೊಳಗೆ ಹೊಕ್ಕು ಒಂದರಿಂದ ನೂರು ಹೇಳಿದರು. ಮೂವತ್ತರ ಹೊತ್ತಿಗೆ ಕೆಮ್ಮು, ಅರವತ್ತರ ಹೊತ್ತಿಗೆ ಕಂಬಳಿಯ ದೂಳಿಗೆ ಸೀನು. ಹೇಳಿ ಮುಗಿಸಿ ಹೊರಬಂದಾಗ ಬೆವೆತು ಹೋಗಿದ್ದರು. ‘ಇದು ನನ್ನದೇ, ಮನಸಾರೆ ಕೊಡುತ್ತಿದ್ದೇನೆ’ ಎಂದು ತಮ್ಮಿಂದ ತಾವೇ ಬರೆಸಿಕೊಂಡರು. ಹಳೆಯ ದನಿಯನ್ನು ಯಾಕೆ ತೆಗೆದದ್ದು ಎನ್ನುವುದನ್ನೂ ಬರೆಯಬೇಕಿತ್ತು. ಮೊದಲು ‘ತಾಂತ್ರಿಕ ಕಾರಣ’ ಎಂದು ಬರೆದರು. ಹಿಂದೆ ನಿಂತು ನೋಡುತ್ತಿದ್ದ ನಾನು ಗಂಟಲು ಸರಿಮಾಡಿಕೊಂಡೆ. ಅಳಿಸಿದರು. ಅದರ ಜಾಗದಲ್ಲಿ ‘ಈ ದನಿಯ ಒಡತಿಯನ್ನು ನಾನು ಕೇಳಿರಲಿಲ್ಲ’ ಎಂದು ಬರೆದರು. ಅದು ಈಗಲೂ ಅಲ್ಲಿದೆ, ಯಾರು ಬೇಕಾದರೂ ಬಿಚ್ಚಿ ಓದಬಹುದು.

ಒಂದೇ ದಿನಕ್ಕೆ ಎಲ್ಲ ಕಡೆ ಬದಲಾಗಲಿಲ್ಲ. ಬ್ಯಾಂಕು ಬೇಗ ಬದಲಾಯಿಸಿತು, ಅಂಚೆ ಕಚೇರಿ ಅನುಮತಿಗೆಂದು ಮೇಲಕ್ಕೆ ಕಡತ ಕಳಿಸಿತು, ಲಸಿಕೆ ಕೇಂದ್ರ ಮೂರು ಸಲ ನೆನಪಿಸಿದ ಮೇಲೆ ಎಚ್ಚೆತ್ತಿತು. ಅಷ್ಟರಲ್ಲಿ ದೊಡ್ಡಮ್ಮ ಹಿಂದಿನ ಕೋಣೆಯಲ್ಲಿ ಸಾಮಾನು ಕುದಿಸತೊಡಗಿದ್ದಳು. ಡಾಕ್ಟ್ರಮ್ಮ ಹೇಳಿದ್ದನ್ನು ಮಾಡಿದ್ದರು. ಮುಂದಿನ ಕೋಣೆಗೆ ಬಂದ ಹೊಸಬಳು ಮಕ್ಕಳಿಗೆ ಮೊಬೈಲು ತೋರಿಸುತ್ತಿದ್ದಳು. ಮಕ್ಕಳು ಮೊಬೈಲು ನೋಡುತ್ತಾ ಬಾಯಿ ಮುಚ್ಚಿಕೊಂಡಿರುತ್ತಿದ್ದರು.

ಇತ್ತ ದೊಡ್ಡಪ್ಪ ಒಂದು ದಿನ ತರಕಾರಿ ಅಂಗಡಿಯಲ್ಲಿ ಬದನೆಕಾಯಿ ಆರಿಸುತ್ತಾ ದರ ಕೇಳಿದರಂತೆ. ಪಕ್ಕದಲ್ಲಿ ತಾಯಿಯ ಸೊಂಟದ ಮೇಲಿದ್ದ ಕೂಸು ಅವರ ದನಿ ಕೇಳಿದ್ದೇ ತಡ, ತೋಳು ಮುಚ್ಚಿಕೊಂಡು ಊರು ಒಂದಾಗುವಂತೆ ಅತ್ತಿತಂತೆ. ಚೀಲ ಅಲ್ಲೇ ಬಿಟ್ಟು ಮನೆಗೆ ಬಂದರು. ದೊಡ್ಡಮ್ಮ ನಗಲಿಲ್ಲ. ನಾನು ನಕ್ಕೆ. ಅವಳು ಅವರಿಗೆ ನೀರು ತಂದುಕೊಟ್ಟು ಪಕ್ಕದಲ್ಲಿ ಕೂತಳು.

ಹೋದ ವಾರ ಹೊಸಬಳು ರಜೆ ಹಾಕಿದಳು. ಕುರ್ಚಿಯಲ್ಲಿ ಒಬ್ಬ ಪುಟ್ಟ ಹುಡುಗ ತುಟಿ ಬಿಗಿದು ಕೂತಿದ್ದ, ಡಾಕ್ಟ್ರಮ್ಮನ ತಾಳ್ಮೆ ಮುಗಿಯುತ್ತಾ ಬಂದಿತ್ತು. ನಾನೇ ಹಿಂದಿನ ಕೋಣೆಗೆ ಓಡಿದೆ. “ಬೇಡ ಕಣೇ, ಹೆದರುತ್ತೆ,” ಎಂದಳು ದೊಡ್ಡಮ್ಮ. ಬಿಡಲಿಲ್ಲ, ಕೈ ಹಿಡಿದು ಎಳೆದುಕೊಂಡು ಬಂದೆ. ಅವಳು ಒದ್ದೆ ಕೈಯನ್ನು ಒರೆಸಿಕೊಂಡು ಹುಡುಗನ ಗಲ್ಲಕ್ಕೆ ಅಂಗೈ ಕೊಟ್ಟಳು. ಮಾತಾಡಲು ಹೋಗಿ ನಿಲ್ಲಿಸಿದಳು. ಮತ್ತೆ ಬಗ್ಗಿ, “ಎಲ್ಲಿ, ಯಾವ ಹಲ್ಲು ಅಂತ ನನಗೆ ತೋರಿಸ್ತೀಯಾ?” ಎಂದು ಕೇಳಿದಳು.

ಹುಡುಗ ಅವಳ ಮುಖ ನೋಡಿದ. ಬಾಯಿ ತೆರೆದ.

ಡ್ರಿಲ್ಲು ಶುರುವಾದಾಗ ಜೋರಾಗಿ ಅತ್ತ. ಆದರೆ ಅವನು ಅತ್ತದ್ದು ಡ್ರಿಲ್ಲಿಗೆ, ಅಳುವಾಗ ಹಿಡಿದುಕೊಂಡದ್ದು ದೊಡ್ಡಮ್ಮನ ಕೈಯನ್ನು.